ಒಂದೇ ದಿನದಲ್ಲಿ ವಿಜಯಪುರ ಆಗುತ್ತೆ, ಆಲಮಟ್ಟಿ ಬಿಡಿ

ಕೊಪ್ಪಳದಿಂದ 8ನೇ ತರಗತಿ ಮಕ್ಕಳನ್ನು ಒಂದೇ ದಿನಕ್ಕೆ ವಿಜಯಪುರಕ್ಕೆ ಕರೆದುಕೊಂಡು ಹೋಗಬಹುದಾ, ಜೊತೆಗೆ ಆಲಮಟ್ಟಿನೂ ನೋಡಬಹುದಾ ಅಂತ ಕೇಳಿದ್ದೀರಿ. ವಿಜಯಪುರ ಆರಾಮಾಗಿ ಆಗುತ್ತೆ ಸರ್. ಆಲಮಟ್ಟಿ ಸೇರಿಸಿದರೆ ಸುಮ್ನೆ ಬಸ್ಸಿನಲ್ಲೇ ದಿನ ಕಳೆಯುತ್ತೆ.

ನಸುಕಿನಲ್ಲೇ ಹೊರಡಿ, ಕುಷ್ಟಗಿ, ಇಳಕಲ್ ಮೇಲೆ ಹೋಗಿ. ಮೊದಲು ಗೋಳಗುಮ್ಮಟ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಕಡೆ ಮೆಲ್ಲಗೆ ಮಾತಾಡಿದರೆ ಎದುರು ಗೋಡೆಯ ಹತ್ತಿರ ನಿಂತವರಿಗೆ ಕೇಳುತ್ತೆ, ಆದರೆ ಜನ ಜಾಸ್ತಿ ಆದ ಮೇಲೆ ಎಲ್ಲರೂ ಕಿರುಚೋದರಿಂದ ಅಲ್ಲಿ ಸಂತೆ ಗದ್ದಲವೇ, ಬೇರೇನೂ ಕೇಳಲ್ಲ. ಮೆಟ್ಟಿಲು ಇಕ್ಕಟ್ಟು, ಮಕ್ಕಳನ್ನು ಸಣ್ಣ ಗುಂಪು ಮಾಡಿ ಹತ್ತಿಸಿ. ಗುಮ್ಮಟದ ಎದುರಿಗಿರುವ ಮ್ಯೂಸಿಯಂಗೆ ಶುಕ್ರವಾರ ರಜೆ, ಆ ದಿನ ಬೇಡ. 15 ವರ್ಷದೊಳಗಿನ ಮಕ್ಕಳಿಗೆ ಗುಮ್ಮಟಕ್ಕೆ ಟಿಕೆಟ್ ಇಲ್ಲ, ವಯಸ್ಸಿನ ದಾಖಲೆ ಇಟ್ಟುಕೊಳ್ಳಿ.

ಆಮೇಲೆ ಮಲಿಕ್-ಎ-ಮೈದಾನ್ ತೋಪು. ಸುಮಾರು 55 ಟನ್ ತೂಕ, ತೋಪಿನ ಬಾಯಿಯೇ ಆನೆಯನ್ನು ನುಂಗುತ್ತಿರುವ ಸಿಂಹದ ಮುಖ, ಹುಡುಗರು ಅಲ್ಲಿಂದ ಏಳೋದಿಲ್ಲ ನೋಡಿ! ಕಟ್ಟೋದು ಅರ್ಧಕ್ಕೇ ನಿಂತ ಸಮಾಧಿ ಬಾರಾ ಕಮಾನ್ ನೋಡೋದು ಬೇಗ ಮುಗಿಯುತ್ತೆ.

ಇಬ್ರಾಹಿಂ ರೋಜಾವನ್ನು ಮಾತ್ರ ತಪ್ಪಿಸಬೇಡಿ. ನನಗೆ ಗುಮ್ಮಟಕ್ಕಿಂತ ಅದೇ ಚಂದ. ಅಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್ ಶಾ ಸರಸ್ವತಿ, ಗಣಪತಿ ಮೇಲೆ ಹಾಡು ಬರೆದ ಸುಲ್ತಾನ. ಇದನ್ನು ಬಸ್ಸಿನಲ್ಲೇ ಹೇಳಿಬಿಡಿ, ಒಳಗೆ ಹೋದ ಮೇಲೆ ಯಾರೂ ಪಾಠ ಕೇಳಲ್ಲ ಅಲ್ವಾ.