ಕಾಗುಣಿತ ಬಾಯಿಗೆ ಬರುತ್ತದೆ, ಪಾಠ ಓದಲು ಬರುವುದಿಲ್ಲ

ಪ್ರಶ್ನೆ: ಮಗ ಮೂರನೇ ಕ್ಲಾಸು, ಕನ್ನಡ ಮಾಧ್ಯಮ. ಕಾಗುಣಿತ ಗಡಗಡ ಒಪ್ಪಿಸುತ್ತಾನೆ. ಪಾಠ ಓದು ಅಂದರೆ ಪದಪದಕ್ಕೂ ನಿಲ್ಲುತ್ತಾನೆ. ದಿನಾ ಎರಡು ಪುಟ ಕಾಪಿ ಬರೆಸುತ್ತಿದ್ದೇವೆ. ಓದು ಕಲಿಸಲು ಶಾಲೆಗೆ ಬರುವ ವಿಶೇಷ ಶಿಕ್ಷಕಿ ಅದನ್ನು ನಿಲ್ಲಿಸಿ ಅನ್ನುತ್ತಾರೆ. ಅವರು ಮಾಡಿಸುವುದಾದರೂ ಏನು?
— ತಾಯಿ, ಹಾವೇರಿ

ಉತ್ತರ: ಅವರು ಹೇಳಿದ್ದು ಸರಿ. ನೋಡಿಕೊಂಡು ಬರೆಯುವಾಗ ಕೈ ಗೆರೆ ಎಳೆಯುತ್ತದೆ, ಸದ್ದು ನೆನೆಯುವ ಅಗತ್ಯ ಬೀಳುವುದಿಲ್ಲ. ಕಾಗುಣಿತವೂ ಅಷ್ಟೆ, ರಾಗಕ್ಕೆ ಬಾಯಿಪಾಠವಾಗಿರುತ್ತದೆ. ನಡುವಿನ ‘ಕೆ’ ಮೇಲೆ ಬೆರಳಿಟ್ಟು ಕೇಳಿ. ‘ಕ, ಕಾ, ಕಿ...’ ಎಂದು ಮೊದಲಿಂದ ಹಾಡಿಕೊಂಡು ಬಂದರೆ ಅವನಿಗೆ ಗೊತ್ತಿರುವುದು ಹಾಡು, ಅಕ್ಷರವಲ್ಲ.

ಬಲ್ಲ ಶಿಕ್ಷಕರು ಮೊದಲು ಓದು ಎಲ್ಲಿ ಮುರಿಯುತ್ತಿದೆ ಎಂದು ಹುಡುಕುತ್ತಾರೆ. ಮಗುವನ್ನು ಒಂಟಿಯಾಗಿ ಕೂರಿಸಿ 15–20 ನಿಮಿಷ: ಕಲಸಿಟ್ಟ ಮೂಲಾಕ್ಷರಗಳು, ಗುಣಿತಾಕ್ಷರದ ಪದಗಳು, ಸಜಾತಿ ಒತ್ತು (ಅಕ್ಕ, ಹಣ್ಣು), ವಿಜಾತಿ ಒತ್ತು (ಪುಸ್ತಕ, ಚಂದ್ರ), ಕೊನೆಗೆ ‘ಟಿಮುಗೆ’, ‘ಬಿಲೊಸು’ ಥರದ ಅರ್ಥವಿಲ್ಲದ ಪದಗಳು. ಈ ಕೊನೆಯದು ತಮಾಷೆಯಲ್ಲ. ಚಿತ್ರ ನೋಡಿ ಊಹಿಸಿ ಓದುವ ಜಾಣರು ಸಿಕ್ಕಿಬೀಳುವುದು ಇಲ್ಲೇ. ಮಗು ಏನು ಓದಿತೋ ಅದನ್ನು ಹಾಗೇ ಬರೆದುಕೊಳ್ಳಬೇಕು. ಬರೀ ‘ತಪ್ಪು’ ಎಂದು ಗುರುತು ಹಾಕಿದರೆ ಮುಂದೆ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ಒಂದೇ ಕಡೆ ಎಡವುವ ಮೂರು ನಾಲ್ಕು ಮಕ್ಕಳ ಗುಂಪು, ವಾರಕ್ಕೆ 4–5 ದಿನ, ದಿನಕ್ಕೆ 30 ನಿಮಿಷ. ವಾರಕ್ಕೊಮ್ಮೆ ಎರಡು ಗಂಟೆ ಕೂರಿಸುವುದಕ್ಕಿಂತ ಇದೇ ಮೇಲು. ಮೊದಲ 5 ನಿಮಿಷ ಹಳೆಯ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್), 8 ನಿಮಿಷ ಹೊಸದೊಂದು ಚಿಹ್ನೆ, 12 ನಿಮಿಷ ಅದೇ ಚಿಹ್ನೆ ಬರುವ ಪದ, ವಾಕ್ಯಗಳ ಓದು, ಉಳಿದದ್ದು ಉಕ್ತಲೇಖನ.

ಕಾಗುಣಿತವನ್ನು ಅಡ್ಡಸಾಲಿನಲ್ಲಲ್ಲ, ಕಂಬಸಾಲಿನಲ್ಲಿ ಕಲಿಸುತ್ತಾರೆ. ಗುಡಿಸು ಒಂದನ್ನೇ ಹಿಡಿದು ಕಿ, ಗಿ, ಸಿ, ನಿ, ಲಿ. ಅದು ಗಟ್ಟಿಯಾಗುವ ತನಕ ಎತ್ವ ತರುವುದಿಲ್ಲ, ಏಕೆಂದರೆ ‘ಕಿ–ಕೆ’ ವ್ಯತ್ಯಾಸವೆಲ್ಲ ನೆತ್ತಿಯ ಮೇಲಿನ ಸಣ್ಣ ಗೆರೆಯಲ್ಲಿದೆ. ಕೊಂಬಿನಲ್ಲಿ ‘ಪು’, ‘ಫು’, ‘ವು’ ಕೊನೆಗೆ. ಉಳಿದವಕ್ಕೆ ಕೊಂಬು ಬಲಕ್ಕೆ, ಇವಕ್ಕೆ ಮಾತ್ರ ಕೆಳಕ್ಕೆ. ಬಲಕ್ಕೆ ಹಾಕಿದರೆ ‘ವು’ ಹೋಗಿ ‘ಮ’ ಆದೀತು!

ನಿಜವಾದ ತೊಡಕು ಒತ್ತಕ್ಷರ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲಾಕ್ಷರವನ್ನು ಹೋಲುವುದೇ ಇಲ್ಲ. ಬೇರೆ ಅಕ್ಷರಗಳಂತೆಯೇ ಬಿಡಿಯಾಗಿ ಕಲಿಸಬೇಕು. ಇನ್ನು ‘ಭಕ್ತಿ’ ನೋಡಿ. ಗುಡಿಸು ಕುಳಿತಿರುವುದು ‘ಕ’ದ ಮೇಲೆ, ಆದರೆ ‘ಇ’ ಸದ್ದು ಬರುವುದು ಕೆಳಗಿನ ‘ತ’ದ ನಂತರ. ಕಂಡದ್ದನ್ನು ಕಂಡ ಹಾಗೆ ಓದಿದ ಮಗು ‘ಭಕಿತ’ ಅನ್ನುತ್ತದೆ. ಅದರಲ್ಲಿ ಮಗುವಿನ ತರ್ಕ ಸರಿಯಾಗಿಯೇ ಇದೆ, ಬೈಯಬೇಡಿ. ಮೂರು ಚೀಟಿ ಮಾಡಿ: ಕ್, ತ್, ಇ. ಒಂದೊಂದಾಗಿ ಹೇಳಿಸಿ, ಕೂಡಿಸಿ, ಆಮೇಲೆ ಬರಹದಲ್ಲಿ ಯಾವುದು ಎಲ್ಲಿ ಹೋಯಿತು ಎಂದು ತೋರಿಸಿ. ಅರ್ಕಾವೊತ್ತಿನದು ಇದರ ತಿರುವುಮುರುವು: ‘ಸೂರ್ಯ’ದಲ್ಲಿ ಮೊದಲು ಕೇಳುವ ‘ರ್’ ಕೊನೆಯಲ್ಲಿ ನಿಂತಿದೆ. ‘ಸೂಯ್ರ’ ಎಂದು ಓದುವ ಮಕ್ಕಳಿಗೆ ಬೆರಳನ್ನು ಹಿಂದಕ್ಕೆ ಹಾರಿಸುವುದನ್ನು ಅಭ್ಯಾಸ ಮಾಡಿಸಬೇಕು.

ಮನೆಯಲ್ಲಿ ಕಾಪಿಯ ಬದಲು ದಿನಕ್ಕೆ 10 ನಿಮಿಷ ಓದಿಸಿ. ಎಡವಿದರೆ ಮೂರು ನಾಲ್ಕು ಸೆಕೆಂಡು ಕಾದು, ಆಮೇಲೆ ಪದ ಹೇಳಿಕೊಡಿ.

ಪ್ರಶ್ನೆ: ನಮ್ಮ ತರಗತಿಯ ಕೆಲವರು ತಪ್ಪಿಲ್ಲದೆ ಓದುತ್ತಾರೆ, ಆದರೆ ಕುಂಟುತ್ತಾ. ಓದಿದ್ದು ಏನೆಂದರೆ ಗೊತ್ತಿಲ್ಲ. ‘ಹಾಲು’ ಎಂಬುದನ್ನು ‘ಆಲು’ ಎಂದು ಓದುವವರೂ ಇದ್ದಾರೆ.
— ಪ್ರಾಥಮಿಕ ಶಾಲಾ ಶಿಕ್ಷಕ, ಮಂಡ್ಯ

ಉತ್ತರ: ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಅದರ ಮೊದಲು ಮರೆತಿರುತ್ತದೆ. 50–60 ಪದಗಳ ಸುಲಭ ಗದ್ಯ ಆರಿಸಿ. ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಿದರೆ ಅದು ಆ ಮಗುವಿಗೆ ಕಷ್ಟದ ಗದ್ಯ, ಬದಲಿಸಿ. ಮೊದಲು ನೀವು ಓದಿ, ನಂತರ ಜೊತೆಯಾಗಿ, ಆಮೇಲೆ ಮಗು ತಾನೊಂದೇ ಮೂರು ಸಲ ಓದಲಿ. ಸಮಯ ಬರೆದಿಡಿ, ಆದರೆ ಓಟದ ಪಂದ್ಯ ಮಾಡಬೇಡಿ. ಮುಗಿದ ಮೇಲೆ ‘ಏನಾಯ್ತು ಹೇಳು’ ಎಂದು ಕೇಳಿ. ಉರ್ದು, ತೆಲುಗು, ಲಂಬಾಣಿ ಮನೆಮಾತಿನ ಮಕ್ಕಳಿದ್ದರೆ ಹೊಸ ಪದಗಳ ಅರ್ಥವನ್ನು ಓದುವ ಮುಂಚೆಯೇ ತಿಳಿಸಿ.

‘ಆಲು’ ತಪ್ಪು ಓದಲ್ಲ, ಊರಿನ ಮಾತು. ತಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ.

ಪ್ರಶ್ನೆ: ಮಗು ಹೀಗೆ ಓದಲು ತಡವರಿಸುವುದು ಡಿಸ್ಲೆಕ್ಸಿಯಾ (ಓದು ಕಲಿಯುವಲ್ಲಿನ ನ್ಯೂನತೆ) ಇರಬಹುದೇ?
— ತಂದೆ, ತುಮಕೂರು

ಉತ್ತರ: ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಕನ್ನಡದ ಅಕ್ಷರರಾಶಿ ದೊಡ್ಡದು. ಅದು ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯಾಚೆಗೂ ಹಿಡಿಯುವುದುಂಟು. ಮೇಲೆ ಹೇಳಿದಂತೆ ಮೂರು ನಾಲ್ಕು ತಿಂಗಳು ನಿತ್ಯ ಕಲಿಸಿದರೂ ಏಳಿಗೆ ಕಾಣದಿದ್ದರೆ ಕಾಯುತ್ತಾ ಕೂರಬೇಡಿ, ತಪಾಸಣೆ ಮಾಡಿಸಿ. ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಕನ್ನಡದಲ್ಲೂ ಇದೆ. ಮಗುವಿನ ಓದುಭಾಷೆಯಲ್ಲೇ ಪರೀಕ್ಷಿಸಬೇಕು, ಇಂಗ್ಲಿಷಿನಲ್ಲಿ ಮಾತ್ರ ಮಾಡಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಸರ್ಕಾರಿ ಶಾಲೆಯಾದರೆ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರನ್ನು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ.