ರವಿಕೆಯಿಂದ ನೋಟು ಬಿದ್ದದ್ದೂ ಗೊತ್ತಾಗಲಿಲ್ಲ

ಮಲೆನಾಡಿನ ಕಡೆಯವರು, 40ರ ಆಸುಪಾಸು. ಸರೋಜ ಅಂತ ಇಟ್ಟುಕೊಳ್ಳೋಣ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಕ್ಯಾನ್ಸರ್ ಆಗಿ ಎಡ ಸ್ತನ ತೆಗೆದಿದ್ದರು. ಅದೇ ಆಪರೇಷನ್‌ನಲ್ಲಿ ಬೆನ್ನಿನ ಸ್ನಾಯು, ಚರ್ಮ ಮುಂದಕ್ಕೆ ತಂದು ಹೊಸ ಸ್ತನ ಕಟ್ಟಿದ್ದರು. ಆರು ತಿಂಗಳಾಗಿತ್ತು, ಗಾಯ ಮಾಗಿತ್ತು. ನನ್ನ ಹತ್ತಿರ ಬಂದವರು ಮೊದಲು ಹೇಳಿದ್ದು ಒಂದು ನೋಟಿನ ವಿಷಯ. ಸಂತೆಗೆ ಹೋಗುವಾಗ ಎಂದಿನಂತೆ 500ರ ನೋಟು ಮಡಚಿ ರವಿಕೆಯೊಳಗೆ ಇಟ್ಟಿದ್ದರಂತೆ, ಅದು ಎಲ್ಲಿ ಜಾರಿ ಬಿತ್ತೋ ಗೊತ್ತೇ ಆಗಲಿಲ್ಲ. "ದುಡ್ಡು ಹೋದರೆ ಹೋಗಲಿ ಮೇಡಂ, ಮೈಮೇಲಿಂದ ಒಂದು ವಸ್ತು ಬಿದ್ದರೂ ತಿಳಿಯಲ್ಲ ಅಂದರೆ ಇದು ನನ್ನ ಮೈಯೇನಾ?"

ಆಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳಿದರು. "ಮುಂದೆ ಒತ್ತಿದರೆ ಕೆಲವು ಸಲ ಬೆನ್ನಲ್ಲಿ ಮುಟ್ಟಿದ ಹಾಗಾಗುತ್ತೆ. ನನಗೆ ತಲೆ ಕೆಟ್ಟಿದೆಯಾ?"

ಖಂಡಿತ ಇಲ್ಲ ಅಂದೆ. ಬೆನ್ನಿನಿಂದ ಮಾಂಸ ತಂದು ಸ್ತನ ಕಟ್ಟಿಸಿಕೊಂಡ ಬೇರೆ ಹೆಂಗಸರೂ ಇದನ್ನೇ ಹೇಳುತ್ತಾರೆ. ಆ ಜಾಗ ಇಷ್ಟು ವರ್ಷ ಮಿದುಳಿಗೆ ಬೆನ್ನಾಗಿಯೇ ಗೊತ್ತಿತ್ತು, ಅಲ್ವಾ?

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಆಪರೇಷನ್‌ಗೆ ಮುಂಚೆ ಆಕಾರ, ಕಲೆ, ಖರ್ಚು ಎಲ್ಲ ಮಾತಾಡಿದ್ದರಂತೆ. ಜೋಮು ಹಿಡಿದ ಹಾಗೆ ಇರುತ್ತದೆ ಅಂತ ಒಬ್ಬರೂ ಹೇಳಿರಲಿಲ್ಲ.

ಸ್ತನದ ಚರ್ಮಕ್ಕೆ ಸ್ಪರ್ಶ ತರುವುದು ಪಕ್ಕೆಲುಬುಗಳ ಸಂದಿಯಿಂದ ಬರುವ ನರಗಳು. ಸ್ತನ ತೆಗೆಯುವಾಗ ಅವು ತುಂಡಾಗುತ್ತವೆ. ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಹಾಗಂತ ಲೆಕ್ಕ ಹಾಕಿ ಇಷ್ಟು ದಿನಕ್ಕೆ ಸರಿಹೋಗಬೇಕು ಅನ್ನೋ ಹಾಗಿಲ್ಲ, ಯಾಕೆಂದರೆ ತುಂಡಾದ ತುದಿಗಳು ಗಾಯದ ಗಟ್ಟಿ ಅಂಗಾಂಶದ ನಡುವೆ ದಾರಿ ಹುಡುಕಿಕೊಂಡು ಹೋಗಬೇಕು. ಒಂದೆರಡು ವರ್ಷ ಹಿಡಿಯಬಹುದು. ಸಾಮಾನ್ಯವಾಗಿ ಅಂಚಿನಲ್ಲಿ ಮೊದಲು ಬರುತ್ತದೆ, ನಡುವೆ ಕೊನೆಗೆ. ಪೂರ್ತಿ ಮೊದಲಿನ ಹಾಗೆ ಆಗುವುದು ಅಪರೂಪ ಅಂತಲೂ ಹೇಳಿದೆ. ಅವರು ಅತ್ತರು, ನಾನು ತಡೆಯಲಿಲ್ಲ. ಇರುವೆ ಹರಿದಂತೆ, ಕರೆಂಟ್ ಹೊಡೆದಂತೆ ಆಗುವುದು ಎಷ್ಟೋ ಸಲ ನರ ಚಿಗುರುತ್ತಿರುವ ಗುರುತು. ಆದರೆ ನಿದ್ದೆ ಕೆಡಿಸುವಷ್ಟು ಉರಿ, ನೋವು ಇದ್ದರೆ ಸಹಿಸಬೇಡಿ, ನರದ ನೋವಿಗೇ ಬೇರೆ ಮಾತ್ರೆಗಳಿವೆ.

ಮೊದಲು ಮಾಡಿಸಿದ ಕೆಲಸ, ಹಾಸಿಗೆಯಿಂದ ಬಿಸಿನೀರಿನ ಚೀಲ ತೆಗೆಸಿದ್ದು. ಮಳೆಗಾಲದಲ್ಲಿ ಅವರು ಅದನ್ನು ಎದೆಗೆ ಅವಚಿಕೊಂಡು ಮಲಗುತ್ತಿದ್ದರು. ಸ್ಪರ್ಶ ಇಲ್ಲದ ಚರ್ಮ ಸುಟ್ಟರೂ ಕೂಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಾಣಬೇಕು ಅಷ್ಟೇ. ಹಂಡೆಯ ನೀರನ್ನು ಬಲಗೈಯಿಂದ ನೋಡಿಯೇ ಸುರಿದುಕೊಳ್ಳಿ, ಐಸ್ ಕೂಡ ಇಡಬೇಡಿ, ದಿನಾ ಸಂಜೆ ಕನ್ನಡಿ ಮುಂದೆ ಒಂದು ನಿಮಿಷ ನಿಂತು ನೋಡಿ ಅಂದೆ. ಕೆಂಪು, ಊತ, ಹೊಸ ಗಂಟು ಕಂಡರೆ ಅವತ್ತೇ ಡಾಕ್ಟರ ಹತ್ತಿರ.

ಸರ್ಜನ್ ಹತ್ತಿರ ಕೇಳಿಕೊಂಡು ಸ್ಪರ್ಶದ ಅಭ್ಯಾಸ ಶುರು ಮಾಡಿದೆವು. ದಿನಕ್ಕೆ ಹತ್ತು ನಿಮಿಷ. ಹತ್ತಿ, ರೇಷ್ಮೆ ಸೆರಗು, ಒರಟು ಟವೆಲ್. ಮೊದಲು ಬಲ ಸ್ತನಕ್ಕೆ ಸವರಿ, ಅದೇ ತೆರನಾಗಿ ಎಡಕ್ಕೆ. ಕಣ್ಣು ಬಿಟ್ಟು ನೋಡುತ್ತಾ ಒಮ್ಮೆ, ಮುಚ್ಚಿ ಒಮ್ಮೆ.

ಮನೆಯವರ ವಿಷಯ ಮೂರನೇ ಭೇಟಿಯಲ್ಲಿ ಬಂತು. ರಾತ್ರಿ ಅವರು ಮುಟ್ಟಿದಾಗ ಸರೋಜ ಗೊತ್ತಾದ ಹಾಗೆ ನಟಿಸುತ್ತಿದ್ದರಂತೆ. ಅದು ಬೇಡ, ಅವರ ಕೈ ಹಿಡಿದು ನೀವೇ ತೋರಿಸಿ, ಇಲ್ಲಿ ತಿಳಿಯಲ್ಲ, ಇಲ್ಲಿ ಕುತ್ತಿಗೆ ಹತ್ತಿರ ತಿಳಿಯುತ್ತೆ ಅಂತ ಹೇಳಿ ಅಂದೆ. ಅದನ್ನು ಹೇಳುವುದಕ್ಕೆ ಅವರಿಗೆ ಎರಡು ವಾರ ಬೇಕಾಯಿತು. ಹೇಳಿದಾಗ ಗಂಡ, "ನನಗೂ ನೋವಾಗುತ್ತೇನೋ ಅಂತ ಹೆದರಿಕೆ ಇತ್ತು" ಅಂದರಂತೆ.

ಆಪರೇಷನ್ ಇನ್ನೂ ಆಗದವರು ಮುಂಚೆಯೇ ಕೇಳಿ: ಸ್ಪರ್ಶ ಎಷ್ಟು ಉಳಿಯುತ್ತೆ, ನರ ಜೋಡಿಸುವ ಅವಕಾಶ ಇದೆಯಾ? ಕೆಲವು ಕಡೆ, ಮುಖ್ಯವಾಗಿ ಹೊಟ್ಟೆಯ ಭಾಗದಿಂದ ಸ್ತನ ಕಟ್ಟುವಾಗ, ನರವನ್ನೂ ಜೋಡಿಸುತ್ತಾರೆ.

ಹತ್ತನೇ ತಿಂಗಳಲ್ಲಿ ಸರೋಜ ಫೋನ್ ಮಾಡಿದ್ದರು. ಕಾಲರ್ ಮೂಳೆಯ ಕೆಳಗೆ ಎರಡು ಬೆರಳಿನಷ್ಟು ಜಾಗದಲ್ಲಿ ತಣ್ಣೀರು ಗೊತ್ತಾಗುತ್ತಿದೆ, ನಡುವೆ ಇನ್ನೂ ಏನೂ ಇಲ್ಲ. ದುಡ್ಡು ಈಗ ಪರ್ಸಿನಲ್ಲಿ ಇಡುತ್ತಾರಂತೆ.