ಗಾಡಿ–ಗ್ಯಾರೇಜು: ಓದುಗರ ಪ್ರಶ್ನೆಗಳು

ಪ್ರಶ್ನೆ: ತುಮಕೂರಿನಲ್ಲಿ ಕ್ಯಾತ್ಸಂದ್ರ–ಗುಬ್ಬಿ ಗೇಟ್ ಕಡೆ ನಮ್ಮ ನಾಲ್ಕು ಬಸ್ಸು ಓಡುತ್ತವೆ. ಲೀಟರಿಗೆ 5 ಕಿ.ಮೀ. ಕೊಡುತ್ತಿದ್ದ ಒಂದು ಬಸ್ಸು ಈಗ 4ಕ್ಕೆ ಇಳಿದಿದೆ. ಡೀಸೆಲ್ ಕದಿಯುತ್ತಾರೇನೋ ಅನ್ನೋ ಅನುಮಾನ. ಟ್ಯಾಂಕಿಗೆ ಸೆನ್ಸರ್ ಹಾಕಿಸಲೇ?

ಉತ್ತರ: ಸೆನ್ಸರ್ ಆಮೇಲೆ, ಮೊದಲು ಲೆಕ್ಕ. ‘ಎರಡು ಸಾವಿರಕ್ಕೆ ಹಾಕು’ ಅಂತ ತುಂಬಿಸಿದರೆ ಮೈಲೇಜ್ ಗೊತ್ತಾಗುವುದಿಲ್ಲ. ಒಂದೇ ಬಂಕಿನಲ್ಲಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಟ್ಯಾಂಕ್ ಫುಲ್ ಮಾಡಿಸಿ. ನಾಝಲ್ ತಾನಾಗಿ ನಿಂತ ಮೇಲೆ ಮತ್ತೆ ಒತ್ತಿಸಬೇಡಿ. ಒಂದು ವಾರ ಹೀಗೆ ತುಂಬಿಸಿ, ಓಡಿದ ಕಿ.ಮೀ. ಮತ್ತು ಹಿಡಿದ ಲೀಟರ್ ಬರೆದಿಡಿ, ನಡುವೆ ಡ್ರೈವರ್‌ಗಳನ್ನು ಅದಲುಬದಲು ಮಾಡಿ. ಯಾರು ಓಡಿಸಿದರೂ ಅದೇ ಬಸ್ಸು ಕಡಿಮೆ ಕೊಟ್ಟರೆ ದೋಷ ಗಾಡಿಯದು.

ಆಗ ಮೊದಲ ಅನುಮಾನ ಬ್ರೇಕಿನ ಮೇಲೆ. ಟ್ರಿಪ್ ಮುಗಿದ ತಕ್ಷಣ ಪ್ರತಿ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ (ಮುಟ್ಟಬೇಡಿ, ಸುಡುತ್ತದೆ). ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡೇ ಓಡುತ್ತಿರಬಹುದು. ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕ್ ಶೂ–ಡ್ರಮ್ ನಡುವಿನ ಸಂದು ಹೊಂದಿಸುವ ಭಾಗ) ಅತಿಯಾಗಿ ಬಿಗಿಯಾಗಿರಬಹುದು, ಶೂವನ್ನು ಹಿಂದಕ್ಕೆಳೆಯುವ ರಿಟರ್ನ್ ಸ್ಪ್ರಿಂಗ್ ಸೋತಿರಬಹುದು, ಶೂ ಅಗಲಿಸುವ ಬ್ರೇಕ್ ಕ್ಯಾಮ್ ಶಾಫ್ಟಿನ ಬುಶ್ ಗ್ರೀಸ್ ಕಾಣದೆ ಜಾಮ್ ಆಗಿರಬಹುದು. ಸ್ಪ್ರಿಂಗ್ ಬದಲಿಸಿ ಬುಶ್‌ಗೆ ಗ್ರೀಸ್ ಹೊಡೆಸುವ ಖರ್ಚು ಸೆನ್ಸರಿನ ಮುಂದೆ ಏನೂ ಅಲ್ಲ.

ಟೈರಿಗೆ ರಾಡಿನಿಂದ ಬಡಿದು ಸದ್ದು ಕೇಳಿ ‘ಗಾಳಿ ಐತೆ’ ಅನ್ನುವ ಪದ್ಧತಿ ಬಿಡಿಸಿ. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನದನ್ನು ಯಾರೂ ನೋಡುವುದಿಲ್ಲ. ಅದರಲ್ಲಿ ಗಾಳಿ ಇಳಿದರೆ ಭಾರವೆಲ್ಲ ಹೊರಗಿನದರ ಮೇಲೆ, ಎರಡೂ ಹಾಳು. ಒಳಗಿನದಕ್ಕೆ ವಾಲ್ವ್ ಎಕ್ಸ್‌ಟೆನ್ಷನ್ (ಗಾಳಿ ಹೊಡೆಯುವ ಬಾಯನ್ನು ಹೊರಗೆ ತರುವ ಉದ್ದ ಕೊಳವೆ) ಹಾಕಿಸಿ, ಬೆಳಗ್ಗೆ ಗಾಡಿ ಹೊರಡುವ ಮುಂಚೆ ಗೇಜ್ ಇಟ್ಟು ನೋಡಿಸಿ.

ಇನ್ನು ಸ್ಟ್ಯಾಂಡಿನಲ್ಲಿ ಇಂಜಿನ್ ಆನ್ ಇಟ್ಟುಕೊಂಡು ನಿಲ್ಲುವುದು. ಗಂಟೆಗೆ ಒಂದರಿಂದ ಎರಡು ಲೀಟರ್ ಹಾಗೇ ಹೋಗುತ್ತದೆ. ಡ್ರೈವರ್‌ಗೆ ಬೈದು ಪ್ರಯೋಜನವಿಲ್ಲ. ಬ್ಯಾಟರಿ ವೀಕ್ ಇದ್ದರೆ, ಆಫ್ ಮಾಡಿದ ಮೇಲೆ ಜನರಿಂದ ತಳ್ಳಿಸಬೇಕಲ್ಲ ಅನ್ನುವ ಭಯ ಅವರಿಗೆ. ಏರ್ ಬ್ರೇಕಿನ ಪೈಪಿನಲ್ಲಿ ಲೀಕ್ ಇದ್ದರೂ ಅಷ್ಟೇ, ನಿಂತಲ್ಲಿ ಬ್ರೇಕಿನ ಗಾಳಿ ಇಳಿದರೆ ಮತ್ತೆ ಏರುವವರೆಗೆ ಕಾಯಬೇಕು. ಪೈಪ್ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿಸಿ. ಇಷ್ಟೆಲ್ಲ ಮಾಡಿದ ಮೇಲೂ ಒಬ್ಬರ ಕೈಯಲ್ಲಿ ಮಾತ್ರ ಕಡಿಮೆ ಬಂದರೆ, ಆಗ ಸೆನ್ಸರ್ ಹಾಕಿಸಿ.

ಪ್ರಶ್ನೆ: ರೇಡಿಯೇಟರಿಗೆ ಬೋರ್ ನೀರೇ ಹಾಕುತ್ತೇವೆ. ಬಿಸಿಯಾಗುತ್ತೆ ಅಂತ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಹಾಕಿದ್ದಾರೆ. ಸರಿಯೇ? (ಕೋಲಾರ)

ಉತ್ತರ: ಎರಡೂ ತಪ್ಪು. ಗಡಸು ನೀರಿನ ಉಪ್ಪು ಟ್ಯೂಬುಗಳೊಳಗೆ ಕಟ್ಟಿಕೊಂಡೇ ಗಾಡಿ ಬಿಸಿಯಾಗುತ್ತಿರಬಹುದು. ಥರ್ಮೋಸ್ಟಾಟ್ ಅಂದರೆ ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್. ಅದಿಲ್ಲದ ಇಂಜಿನ್ ಬೇಗ ಬಿಸಿಯಾಗುವುದಿಲ್ಲ, ತಣ್ಣಗೆ ಓಡುತ್ತಾ ಡೀಸೆಲ್ ಕುಡಿಯುತ್ತದೆ. ರೇಡಿಯೇಟರ್ ಬಿಚ್ಚಿ ಸ್ವಚ್ಛ ಮಾಡಿಸಿ, ಹೊಸ ಥರ್ಮೋಸ್ಟಾಟ್ ಕೂರಿಸಿ, ಕಂಪನಿ ಹೇಳಿದ ಕೂಲಂಟನ್ನೇ ತುಂಬಿಸಿ. ಕೂಲಂಟಿಗೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಮಾತ್ರ.